ಲಿಫ್ಟ್ ನೋಟಿಸು ಬರೆದ ದಿವಂಗತ ಮಾವ

"ಅಯ್ಯೋ, ಯಾವಾಗಾಯ್ತು ಇದು? ಒಂದು ಮಾತು ಹೇಳಬಾರದಾ? ಮೊನ್ನೆ ತಾನೆ ಪ್ಯಾಂಟಿಗೆ ಜಿಪ್ ಹಾಕಿಸ್ಕೊಂಡು ನಗ್ತಾ ಹೋಗಿದ್ರು!"

ಕೆಳಗಡೆ ಅಂಗಡಿಯ ಟೈಲರ್ ಆಂಟಿ ನಮ್ಮ ಮನೆ ಬಾಗಿಲಲ್ಲಿ ನಿಂತು, ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಲಿಫ್ಟ್ ಕೆಟ್ಟಿದ್ದರಿಂದ ಮೂರು ಮಹಡಿ ಹತ್ತಿ ಬಂದಿದ್ದರು. ಅಳುವಿಗೆ ಏದುಸಿರೂ ಸೇರಿಕೊಂಡು ದುಃಖ ಡಬಲ್ ಆಗಿ ಕೇಳುತ್ತಿತ್ತು.

ಬಾಗಿಲು ತೆಗೆದವನು ನನ್ನ ಮಾವ, ಅಂದರೆ ಅಮ್ಮನ ತಮ್ಮ. ಬೆಳಿಗ್ಗೆ ಬಾತ್‌ರೂಮು ನನ್ನ ವಶದಲ್ಲಿರುವುದರಿಂದ ಅವನು ಸಂಜೆ ಆರಕ್ಕೆ ಶೇವ್ ಮಾಡಿಕೊಳ್ಳುತ್ತಾನೆ. ಕೆನ್ನೆಗೆಲ್ಲ ನೊರೆ, ನಡುವೆ ಹನ್ನೆರಡು ವರ್ಷದಿಂದ ಸಾಕಿದ ದಪ್ಪ ಮೀಸೆ, ಕೈಯಲ್ಲಿ ರೇಜರು.

"ಯಾರಿಗೆ ಏನಾಯ್ತು?" ಅಂದ ಮಾವ.

"ಈ ಮನೆ ಮಾವನೋರು ಹೋಗಿಬಿಟ್ರಂತಲ್ಲ!"

"ನಾನೆಲ್ಲೂ ಹೋಗಿಲ್ವಲ್ಲ. ಇವತ್ತು ಅಂಗಡಿಗೂ ರಜ."

ಆಂಟಿ ಕರ್ಚೀಫು ಇಳಿಸಿದರು. ಮಾವನ ಮುಖ ನೋಡಿದರು. ಸತ್ತವರ ಮುಖ ಬೆಳ್ಳಗಿರುತ್ತದೆ ಎಂದು ಅವರು ಎಲ್ಲಿ ಕೇಳಿದ್ದರೋ ಏನೋ, ನೊರೆ ನೋಡಿದ್ದೇ ತಡ ಕಿಟಾರನೆ ಕಿರುಚಿ ಎರಡು ಮಹಡಿ ಕೆಳಗಿಳಿದುಬಿಟ್ಟರು. ಹತ್ತುವಾಗ ತೆಗೆದುಕೊಂಡಿದ್ದ ಸಮಯದ ಕಾಲುಭಾಗವೂ ಬೇಕಾಗಲಿಲ್ಲ.

ನಾನು ಸೋಫಾದ ಹಿಂದೆ ಬಗ್ಗಿದೆ. ಏಕೆಂದರೆ ಮಾವನನ್ನು ಸಾಯಿಸಿದವಳು ನಾನೇ.

ಕೊಲೆ ನಡೆದದ್ದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಒಂದು ನಿಮಿಷ ಇದ್ದಾಗ, ಬಸ್ ಸ್ಟಾಪಿನಲ್ಲಿ, ಫೋನಿನಲ್ಲಿ. ಅಮ್ಮ ನನ್ನನ್ನು ಹೆಬ್ಬೆಟ್ಟು ಎಂದು ಕರೆಯುವುದು ಸುಮ್ಮನೆ ಅಲ್ಲ. ಹಿಂದೆ ಓದು ಬರದವರು ಒಂದು ಹೆಬ್ಬೆಟ್ಟು ಒತ್ತುತ್ತಿದ್ದರಂತೆ. ನಾನು ಎರಡು ಹೆಬ್ಬೆಟ್ಟು ಒತ್ತಿ ಹೈಸ್ಕೂಲು ಓದುತ್ತಿದ್ದೇನೆ. ನೋಟ್ಸು, ಹೋಂವರ್ಕು, ಜಗಳ, ಕ್ಷಮಾಪಣೆ ಎಲ್ಲ ಫೋನಿನಲ್ಲೇ. ಅದಕ್ಕೇ ಅಮ್ಮ ಷರತ್ತು ಹಾಕಿದ್ದಳು. "ಇಂಗ್ಲಿಷ್ ಪ್ರಬಂಧದಲ್ಲಿ ಈ ಸಲ ಪಾಸಾಗಲಿಲ್ಲ ಅಂದ್ರೆ ಫೋನು ಕಬೋರ್ಡಿನ ಮೇಲೆ. ಮುಂದಿನ ವರ್ಷದವರೆಗೂ ಇಳಿಸಲ್ಲ."

ಅಮ್ಮ ನರ್ಸು. ಇಂಜೆಕ್ಷನ್ ಕೊಡ್ತೀನಿ ಅಂದರೆ ಕೊಟ್ಟೇ ಕೊಡುವವಳು.

ಮೊದಲನೇ ಪ್ರಬಂಧಕ್ಕೆ ನಲವತ್ತಕ್ಕೆ ಒಂಬತ್ತು ಬಂದಿತ್ತು, ಎರಡನೆಯದಕ್ಕೆ ಹನ್ನೊಂದು. ಮೂರನೆಯದೇ ಕೊನೆ. ನಮಗೆ ಕೊಟ್ಟಿದ್ದ ಪಠ್ಯ ಒಂದು ನಾಟಕ. ಒಬ್ಬ ಮುದುಕ ರಾಜ ಸಿಟ್ಟು ಮಾಡಿಕೊಂಡು ಗೋಪುರ ಹತ್ತಿ ಕೂತುಬಿಡುತ್ತಾನೆ. ಕೆಳಗಿನವರೆಲ್ಲ ಇಳಿಯಪ್ಪಾ ಇಳಿಯಪ್ಪಾ ಎಂದು ನೂರಿಪ್ಪತ್ತು ಪುಟ ಬೇಡಿಕೊಳ್ಳುತ್ತಾರೆ. ಇದರ ಜೊತೆಗೆ ನಾವೇ ಹುಡುಕಿದ ಇನ್ನೊಂದು ಪಠ್ಯ ತರಬೇಕು. ಅದಕ್ಕೆ 'ರಿಲೇಟೆಡ್ ಟೆಕ್ಸ್ಟ್' ಎಂದು ಹೆಸರು. ಕವನವೋ ಪತ್ರವೋ ಭಾಷಣವೋ ಏನಾದರೂ ಆದೀತು, ಬೇರೆ ಭಾಷೆಯದಾದರೆ ಅನುವಾದ ಮಾಡಿಕೊಂಡರೂ ಸರಿ, ಆದರೆ ಇಂಟರ್ನೆಟ್ಟಿನಿಂದ ಎತ್ತಬಾರದು. ಎರಡನ್ನೂ ಪಕ್ಕಪಕ್ಕ ಇಟ್ಟು, ಇದಕ್ಕೂ ಅದಕ್ಕೂ ಎಂಥ ಆಳವಾದ ಸಂಬಂಧ ಎಂದು ಬೆರಗಾಗಬೇಕು. ಎಂಟುನೂರು ಪದ ಬೆರಗಾಗಬೇಕು.

ಆರು ವಾರ ಟೈಮಿತ್ತು. ಅದರಲ್ಲಿ ಐದು ವಾರ ಆರು ದಿನ ಇಪ್ಪತ್ತಮೂರು ಗಂಟೆ ನಾನು ಬೇರೆ ಕೆಲಸದಲ್ಲಿದ್ದೆ.

ಬಸ್ ಸ್ಟಾಪಿನಲ್ಲಿ ಫೋನಿನ ಗ್ಯಾಲರಿ ತೆರೆದು ಪಠ್ಯ ಹುಡುಕಿದೆ. ಬೆಕ್ಕು, ನನ್ನ ಮುಖ, ಬೆಕ್ಕು, ನನ್ನ ಮುಖ, ಆಮೇಲೆ ಮಾವನ ನೋಟಿಸು. ಗೆಳತಿಯರಿಗೆ ಕಳಿಸಿ ನಗೋಣ ಎಂದು ತೆಗೆದಿಟ್ಟುಕೊಂಡಿದ್ದ ಫೋಟೋ.

ಮಾವ ಶೂ ಅಂಗಡಿಯಲ್ಲಿ ಗಿರಾಕಿಗಳ ಪಾದದ ಅಳತೆ ತೆಗೆಯುತ್ತಾನೆ. ಮನುಷ್ಯರ ಮುಖ ಮರೆತರೂ ಪಾದ ಮರೆಯುವುದಿಲ್ಲ. ಅದರ ಜೊತೆಗೆ ಅವನು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಯ ಕಾರ್ಯ ಒಂದೇ, ನೋಟಿಸು ಬರೆಯುವುದು. ಅಂಗಡಿಯಿಂದ ತಂದ ಶೂ ಡಬ್ಬಿಯ ಮುಚ್ಚಳದ ಒಳಭಾಗದಲ್ಲಿ ಮಾರ್ಕರಿನಿಂದ ಬರೆದು ಅಂಟಿಸುತ್ತಾನೆ. ಲಿಫ್ಟಿನ ಬಾಗಿಲಿಗೆ ಅಂಟಿಸಿದ್ದ ನೋಟಿಸು ಹೀಗಿತ್ತು:

ಲಿಫ್ಟ್ ಕೆಟ್ಟಿದೆ. ಮೇಲೆ
ಹೋಗುವವರು ನಡೆಯಿರಿ. ಕೆಳಗೆ
ಬರುವವರು ಹೇಗೂ ಬರುತ್ತೀರಿ. ಗುಂಡಿ
ಒತ್ತಬೇಡಿ. ಒಳಗೆ ಯಾರೂ

ಅಷ್ಟೇ. ಅಲ್ಲಿಗೆ ಮಾರ್ಕರಿನ ಇಂಕು ಮುಗಿದಿತ್ತು.

ನಾನು ಇದನ್ನು ಇಂಗ್ಲಿಷಿಗೆ ಇಳಿಸಿ, 'ಅನಾಮಧೇಯ ಕವಿಯೊಬ್ಬರ ಅಪೂರ್ಣ ಕವನ' ಎಂದು ಹೆಸರಿಟ್ಟು ಶುರು ಮಾಡಿದೆ. ಲಿಫ್ಟ್ ಎಂದರೆ ಅಧಿಕಾರ. ಕೆಟ್ಟ ಲಿಫ್ಟ್ ಎಂದರೆ ಕೆಟ್ಟ ಅಧಿಕಾರ. ನಾಟಕದ ರಾಜ ಇಳಿಯುವುದಿಲ್ಲ ಎಂದು ಹಟ ಹಿಡಿದರೆ ಈ ಕವಿ ತಣ್ಣಗೆ ಹೇಳುತ್ತಾನೆ, 'ಕೆಳಗೆ ಬರುವವರು ಹೇಗೂ ಬರುತ್ತೀರಿ.' ಹೆಬ್ಬೆಟ್ಟುಗಳು ಕುದುರೆ ಹಾಗೆ ಓಡಿದವು. ಬಸ್ಸು ಬರುವಷ್ಟರಲ್ಲಿ ಎಂಟುನೂರಾ ನಾಲ್ಕು ಪದ.

ಕಳಿಸು ಅಂತ ಒತ್ತಿದರೆ ಹೋಗಲೊಲ್ಲದು. ಶಾಲೆಯ ಫಾರಮ್ಮಿನಲ್ಲಿ ಒಂದು ಖಾನೆ ಕೆಂಪಗಾಗಿ ಕೂತಿತ್ತು. 'ಲೇಖಕರ ಮರಣ ವರ್ಷ (ಕಡ್ಡಾಯ).' ಆ ಫಾರಂ ಮಾಡಿದವರಿಗೆ ಬದುಕಿರುವವರೂ ಬರೆಯುತ್ತಾರೆ ಎಂಬ ಅನುಮಾನವೇ ಇರಲಿಲ್ಲ. ಖಾಲಿ ಬಿಟ್ಟೆ, ಹೋಗಲಿಲ್ಲ. ಅಡ್ಡಗೆರೆ ಹಾಕಿದೆ, ಹೋಗಲಿಲ್ಲ. 'ಇನ್ನೂ ಇಲ್ಲ' ಎಂದು ಬರೆದೆ, ಅಂಕಿ ಮಾತ್ರ ಹಾಕಿ ಎಂದು ಗದರಿತು. ಎಂಟು ಇಪ್ಪತ್ತೊಂಬತ್ತು, ಎಂಟೂವರೆಗೆ ಫಾರಂ ಮುಚ್ಚಿಬಿಡುತ್ತದೆ. ಹೋದ ವರ್ಷದ ಇಸವಿ ಹಾಕಿದೆ. ಫಾರಂ ಹಸಿರಾಯಿತು. ಮಾವ ಹೋದ.

ಗುರುವಾರ ಇಂಗ್ಲಿಷ್ ಮಿಸ್ಸು ನನ್ನ ಪ್ರಬಂಧವನ್ನು ಕ್ಲಾಸಿನಲ್ಲಿ ಜೋರಾಗಿ ಓದಿದರು. 'ಒಳಗೆ ಯಾರೂ' ಎಂಬಲ್ಲಿಗೆ ಬಂದು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹೋದ ವರ್ಷವಷ್ಟೇ ತೀರಿಕೊಂಡಿದ್ದಾರೆ. ನಮ್ಮ ನಡುವೆಯೇ ಇದ್ದರು, ನಮಗೆ ಗೊತ್ತೇ ಆಗಲಿಲ್ಲ. ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನ." ಆ ಹೊತ್ತಿಗೆ ಬಾಗಿಲ ಮುಂದೆ ಹೋಗುತ್ತಿದ್ದ ಹೆಡ್‌ಮಾಸ್ಟರು ಏನು ಎತ್ತ ಕೇಳದೆ ಅವರೂ ನಿಂತು ಕಣ್ಣು ಮುಚ್ಚಿಕೊಂಡರು. ನಲವತ್ತಕ್ಕೆ ಮೂವತ್ತೆಂಟು ಬಂತು. ಜೀವಮಾನದಲ್ಲಿ ನನಗೆ ಮೂವತ್ತೆಂಟು ಬಂದಿದ್ದು ಕಾಲಿನ ಚಪ್ಪಲಿ ಸೈಜು ಮಾತ್ರ.

ನಮ್ಮ ಕ್ಲಾಸಿನಲ್ಲಿ ಒಬ್ಬಳು ಹೈಲೈಟರ್ ಇದ್ದಾಳೆ. ಪುಸ್ತಕದ ಎಲ್ಲಾ ಸಾಲಿಗೂ ಹಳದಿ ಬಳಿಯುವವಳು, ಕ್ಲಾಸಿಗೆ ಫಸ್ಟು. ಅವಳು ಅದೇ ಸಂಜೆ ಸ್ಕರ್ಟು ಉದ್ದ ಮಾಡಿಸಲು ಟೈಲರ್ ಆಂಟಿ ಹತ್ತಿರ ಹೋಗಿ, ಆಚೆ ಲಿಫ್ಟಿನ ಮೇಲಿದ್ದ ನೋಟಿಸು ನೋಡಿ ಬೆಚ್ಚಿಬಿದ್ದು, "ಆಂಟಿ, ಇದನ್ನ ಬರೆದ ಕವಿ ತೀರಿಕೊಂಡರಲ್ಲ, ಅವರು ಯಾರು?" ಎಂದು ಕೇಳಿದಳು. ಆಂಟಿ ಬಾಯಲ್ಲಿದ್ದ ಗುಂಡುಪಿನ್ನು ಉಗಿದು, "ಅಯ್ಯೋ, ಅವರು ಮೂರನೇ ಮಹಡಿಯ ಹುಡುಗಿಯ ಮಾವ!" ಎಂದವರೇ ಮೆಟ್ಟಿಲು ಹತ್ತಿದರು.

ಆಂಟಿ ಕಿರುಚಿ ಇಳಿದ ಮೇಲೆ ನಾನು ಓಡಿ ಹೋಗಿ ಅವರನ್ನು ಹಿಡಿದು, ಎಲ್ಲಾ ಹೇಳಿ, ಯಾರಿಗೂ ಹೇಳಬೇಡಿ ಎಂದು ಕೈ ಮುಗಿದೆ. ಅವರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ವಾಪಸ್ ಬಂದು ಮಾವನ ಮುಂದೆ ನಿಂತೆ. ಈಗ ಬೈಗುಳ ಬೀಳುತ್ತದೆ ಎಂದು ಕಾದೆ.

ಮಾವ ಒಂದು ಕೆನ್ನೆಯ ನೊರೆ ಒರೆಸಿಕೊಂಡು, "ಒಂದು ನಿಮಿಷ ಪೂರ್ತಿ ನಿಂತಿದ್ರಾ?" ಅಂದ.

"ಪೂರ್ತಿ."

"ಹೆಡ್‌ಮಾಸ್ಟರೂ?"

"ಅವರು ಇನ್ನೂ ಹತ್ತು ಸೆಕೆಂಡು ಜಾಸ್ತಿ ನಿಂತ್ರು. ಕಣ್ಣು ಮುಚ್ಚಿದ್ರಲ್ಲ, ಮುಗಿದಿದ್ದು ಗೊತ್ತಾಗಲಿಲ್ಲ."

ಮಾವ ಕುರ್ಚಿಯಲ್ಲಿ ಕೂತ. "ಆ ಪ್ರಬಂಧ ಓದು ನೋಡೋಣ."

ಓದಿದೆ. ಎರಡು ಸಲ ಓದಿಸಿದ. ಲಿಫ್ಟ್ ಎಂದರೆ ಅಧಿಕಾರ ಎಂಬಲ್ಲಿ ತಲೆದೂಗಿ, "ಹೌದು, ನನಗೂ ಎಲ್ಲೋ ಒಂದು ಮೂಲೇಲಿ ಹಾಗೇ ಅನ್ನಿಸಿರಬೇಕು" ಅಂದ.

"ಮಾವ, ಕಾಲಿಗೆ ಬೀಳ್ತೀನಿ. ಮಾರ್ಕ್ಸು ಇಲಾಖೆಗೆ ಹೋಗಿ ಸಹಿ ಆಗೋವರೆಗೂ ನೀನು ಸತ್ತಿರು. ಹತ್ತು ದಿನ ಅಷ್ಟೇ. ಇಲ್ಲಾಂದ್ರೆ ನನ್ನ ಫೋನು ಕಬೋರ್ಡ್ ಮೇಲೆ."

"ಸತ್ತಿರೋದು ಏನು ಕಷ್ಟ?" ಅಂದ ಮಾವ ಉದಾರವಾಗಿ.

ಕಷ್ಟ ಅವನಿಗಿರಲಿಲ್ಲ, ಕಟ್ಟಡಕ್ಕಿತ್ತು. ಮರುದಿನದಿಂದ ಮಾವ ಮೆಟ್ಟಿಲನ್ನು ಒಂದೊಂದಾಗಿ, ಯೋಚಿಸುತ್ತಾ ಹತ್ತತೊಡಗಿದ. ಶುಕ್ರವಾರ ಲಿಫ್ಟ್ ಮೆಕ್ಯಾನಿಕ್ ಬಂದು ಎರಡು ಗಂಟೆ ಗುದ್ದಾಡಿ ಲಿಫ್ಟ್ ಸರಿಮಾಡಿದ.

"ಬೋರ್ಡು ತೆಗೀರಿ ಸಾರ್, ಲಿಫ್ಟ್ ಓಡ್ತಿದೆ."

"ಅದು ಬೋರ್ಡಲ್ಲ," ಅಂದ ಮಾವ.

"ಮತ್ತೇನು?"

"ನಿಮಗೆ ಹೇಳಿದರೆ ಅರ್ಥ ಆಗಲ್ಲ ಬಿಡಿ."

ಮೆಕ್ಯಾನಿಕ್ ಮಾವನನ್ನೂ ಲಿಫ್ಟನ್ನೂ ಒಂದು ಸಲ ನೋಡಿದ. ಎರಡರಲ್ಲಿ ಯಾವುದನ್ನು ರಿಪೇರಿ ಮಾಡಬೇಕಿತ್ತು ಎಂದು ಅನುಮಾನ ಬಂದವನ ಹಾಗೆ ಚೀಲ ಎತ್ತಿಕೊಂಡು ಹೋದ. ಹೀಗೆ ಲಿಫ್ಟ್ ಸರಿಯಾಯಿತು, ನೋಟಿಸು ಹಾಗೇ ಉಳಿಯಿತು. ನಮ್ಮ ಕಟ್ಟಡದ ಸಭ್ಯ ಜನ ನೋಟಿಸನ್ನು ನಂಬಿ, ಸರಿಯಾಗಿರುವ ಲಿಫ್ಟಿನ ಪಕ್ಕದಲ್ಲೇ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿದರು.

ಅದೇ ಸಂಜೆ ಮಾವ ಇನ್ನೊಂದು ನೋಟಿಸು ಬರೆಯಬೇಕಾಗಿತ್ತು. ಶನಿವಾರ ಎಂಟರಿಂದ ಹತ್ತರವರೆಗೆ ಟ್ಯಾಂಕು ತೊಳೆಯುವುದರಿಂದ ನೀರು ಬರುವುದಿಲ್ಲ, ಅಷ್ಟೇ ವಿಷಯ. ಎರಡು ತಾಸು ಕೂತ. ಐದು ಮುಚ್ಚಳ ಹಾಳಾದವು. ಕೊನೆಗೆ ಅಂಟಿಸಿದ್ದು ಇದು:

ನೀರು ನಿಲ್ಲುವುದು ಹೊಸದೇ?
ನಿಲ್ಲದಿರುವುದು ನಮ್ಮ
ಬಾಯಾರಿಕೆ. ಬಕೆಟ್ಟುಗಳೇ,
ಎಚ್ಚರ

"ಮಾವ, ಟೈಮು ಹಾಕಿಲ್ವಲ್ಲ?"

"ಟೈಮು ಹಾಕಿದರೆ ಕೃತಿ ಬೇಗ ಹಳತಾಗುತ್ತೆ ಕಣೇ."

ಶನಿವಾರ ಎಂಟು ಗಂಟೆ ಎರಡು ನಿಮಿಷಕ್ಕೆ ಮೊದಲನೇ ಮಹಡಿಯಿಂದ ಕೂಗು ಕೇಳಿತು. ಸಂಘದ ಪ್ರೆಸಿಡೆಂಟರಾದ ಹಲ್ಲಿನ ಡಾಕ್ಟರು ತಲೆತುಂಬ ಶಾಂಪೂ, ಸೊಂಟಕ್ಕೆ ಟವೆಲು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಗೋಡೆ ತಡವುತ್ತಾ ಕೆಳಗೆ ಬಂದರು. ನಮ್ಮ ದುರದೃಷ್ಟಕ್ಕೆ ಅದೇ ಹೊತ್ತಿಗೆ ಹೈಲೈಟರಿನ ನಾಯಕತ್ವದಲ್ಲಿ ನಮ್ಮ ಕ್ಲಾಸಿನ ಹದಿನೆಂಟು ಜನ ಲಿಫ್ಟಿನ ಮುಂದೆ ನಿಂತಿದ್ದರು. ನೋಟಿಸಿನ ಸುದ್ದಿ ಹೈಲೈಟರಿನಿಂದ ತಿಳಿದು, ಮಿಸ್ಸು ಎಲ್ಲರಿಗೂ ಈ ಕವನದ ಮೇಲೇ ಪ್ರಬಂಧ ಬರೆಯಲು ಹೇಳಿ, ಮೂಲ ಪ್ರತಿ ನೋಡಿ ಬನ್ನಿ ಎಂದು ಕಳಿಸಿದ್ದರು. ಗುಂಪಿನ ಹಿಂದೆ ಮಾವನೂ ನಿಂತಿದ್ದ. ಯಾರು ಎಂದು ಕೇಳಿದವರಿಗೆ ಶೂ ಅಂಗಡಿಯವರು ಎಂದು ಹೇಳಿದ್ದೆ. ಅದು ಸುಳ್ಳೂ ಅಲ್ಲ.

"ಈ ನೀರಿನ ನೋಟಿಸು ಬರೆದವನು ಎಲ್ಲಿ? ಕೊಂದುಹಾಕ್ತೀನಿ ಇವತ್ತು!" ಎಂದು ಡಾಕ್ಟರು ಗೋಡೆಗೆ ಹೇಳಿದರು.

ಹೈಲೈಟರ್ ನೋವಿನಿಂದ, "ಅಂಕಲ್, ಅವರು ಆಗಲೇ ತೀರಿಕೊಂಡಿದ್ದಾರೆ," ಅಂದಳು.

"ಆಂ? ಯಾವಾಗ?"

"ಹೋದ ವರ್ಷ."

"ಹೋದ ವರ್ಷ ಹೇಗಮ್ಮಾ? ಇದನ್ನ ನಿನ್ನೆ ಸಂಜೆ ಅಂಟಿಸಿದ್ದಾರೆ!"

ಹದಿನೆಂಟು ಜನರೂ ಒಟ್ಟಿಗೆ ಹೊಸ ನೋಟಿಸಿನ ಕಡೆ ತಿರುಗಿದರು. ಹೈಲೈಟರ್ ಪುಸ್ತಕ ತೆಗೆದು ಬರೆದುಕೊಳ್ಳುತ್ತಾ, "ಮರಣೋತ್ತರ ಪ್ರಕಟಣೆ," ಎಂದು ಪಿಸುಗುಟ್ಟಿದಳು. ಉಳಿದವರೂ ಬರೆದುಕೊಂಡರು. ಶಾಂಪೂ ಕಣ್ಣಿಗಿಳಿದ ಡಾಕ್ಟರು, "ಸತ್ತ ಮೇಲೂ ಬಿಡಲ್ವಲ್ಲಪ್ಪಾ ಇವನು," ಎನ್ನುತ್ತಾ ಬಂದ ಗೋಡೆಯನ್ನೇ ಹಿಡಿದುಕೊಂಡು ವಾಪಸಾದರು.

ಆಮೇಲೆ ಚರ್ಚೆ ಶುರುವಾಯಿತು. ಮೊದಲನೇ ಸಾಲು 'ಮೇಲೆ' ಎಂಬಲ್ಲೇ ಯಾಕೆ ತುಂಡಾಗಿದೆ? ಮನುಷ್ಯ ಮೇಲೆ ಹೋಗಬೇಕೆಂದು ಹೊರಟು ಅಲ್ಲೇ ಕಡಿದುಬೀಳುತ್ತಾನೆ ಎಂದು ಒಬ್ಬರು, ಮೇಲೆ ಎಂದರೆ ಶೂನ್ಯ ಎಂದು ಇನ್ನೊಬ್ಬರು. ಮಾವನಿಗೆ ತಡೆಯಲಾಗಲಿಲ್ಲ.

"ಅದು ಮಕ್ಕಳ ಶೂ ಡಬ್ಬಿ. ಎರಡನೇ ನಂಬರು. ಮುಚ್ಚಳ ಚಿಕ್ಕದು, ಅದಕ್ಕೆ ಸಾಲು ಅಲ್ಲಿಗೆ ಮುಗಿದಿದೆ."

ಹೈಲೈಟರ್ ಅವನನ್ನು ಕರುಣೆಯಿಂದ ನೋಡಿದಳು. "ಅಂಕಲ್, ಮುಚ್ಚಳ ಚಿಕ್ಕದು ಅನ್ನೋದಕ್ಕೆ ಟೆಕ್ಸ್ಟಿನಲ್ಲಿ ಸಾಕ್ಷಿ ಎಲ್ಲಿದೆ?"

"ಸಾಕ್ಷಿ ಯಾಕೆ? ಕಣ್ಣಿಗೆ ಕಾಣ್ತಿದೆಯಲ್ಲ!"

"ಕಣ್ಣಿಗೆ ಕಾಣೋದನ್ನ ಬರೆದರೆ ಹನ್ನೆರಡು ಮಾರ್ಕ್ಸು ಅಂಕಲ್. ಕಾಣದೇ ಇರೋದನ್ನ ಬರೀಬೇಕು."

"ಹಾಗಾದ್ರೆ ಕೊನೇಲಿ 'ಒಳಗೆ ಯಾರೂ' ಅಂತ ನಿಂತಿದೆಯಲ್ಲ, ಅದು ಏನು?"

"ಒಳಗೆ ಯಾರೂ ನಮ್ಮವರಲ್ಲ, ಅಂತ. ಕವಿಗೆ ತಮ್ಮ ಸಾವು ಗೊತ್ತಾಗಿತ್ತು. ಅದಕ್ಕೆ ಪೂರ್ತಿ ಮಾಡಲಿಲ್ಲ."

"ಒಳಗೆ ಯಾರೂ ಸಿಕ್ಕಿಹಾಕಿಕೊಂಡಿಲ್ಲ, ಇಂತಿ ಕಾರ್ಯದರ್ಶಿ! ಇಂಕು ಮುಗೀತು!"

ಹದಿನೆಂಟು ಜನ ನಕ್ಕರು. "ಅಂಕಲ್, ನೀವು ಬರೀ ಮೇಲ್ಮೇಲೆ ಓದ್ತೀರಿ. ಪರವಾಗಿಲ್ಲ, ನೀವು ಈ ಸಬ್ಜೆಕ್ಟಿನವರಲ್ಲವಲ್ಲ," ಎಂದು ಹೈಲೈಟರ್ ಸಮಾಧಾನ ಮಾಡಿದಳು. ನಾನು ಮಾವನ ಕಾಲು ತುಳಿದೆ. ಅವನು ಕೆಂಪಗಾಗಿ, ತನ್ನ ನೋಟಿಸನ್ನು ತಾನೇ ತಪ್ಪಾಗಿ ಅರ್ಥ ಮಾಡಿಕೊಂಡವನಾಗಿ ಮೆಟ್ಟಿಲು ಹತ್ತಿದ.

ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ, "ಏನೇ ಹೇಳು, 'ಒಳಗೆ ಯಾರೂ ನಮ್ಮವರಲ್ಲ' ಚೆನ್ನಾಗಿದೆ. ನಾನು ಹಾಗೇ ಬರೀಬೇಕಿತ್ತು," ಅಂದ. ಅಮ್ಮ ಆ ಹೊತ್ತಿಗೆ ಆಸ್ಪತ್ರೆಯಲ್ಲಿದ್ದಳು. ಈ ಮನೆಯಲ್ಲಿ ಒಂದು ಸಾವಾಗಿರುವುದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ಸೋಮವಾರ ಸಂಜೆ ಐದಕ್ಕೆ ಬೆಲ್ಲಾಯಿತು. ಮಾವ ಬಾಗಿಲು ತೆಗೆದ. ನಾನು ಹಿಂದಿನಿಂದ ಇಣುಕಿ ನೋಡಿ ಅಲ್ಲೇ ಕಲ್ಲಾದೆ. ಇಂಗ್ಲಿಷ್ ಮಿಸ್ಸು! ನೋಟಿಸು ನಂಬಿ ಮೂರು ಮಹಡಿ ಹತ್ತಿ ಬೆವೆತು ನಿಂತಿದ್ದರು. ಮಾವ ಅಭ್ಯಾಸ ಬಲದಿಂದ ಮೊದಲು ಅವರ ಪಾದ ನೋಡಿದ. ಆರನೇ ನಂಬರು, ಎಡಗಾಲು ಕೂದಲೆಳೆಯಷ್ಟು ದೊಡ್ಡದು.

"ನಾನು ಇವಳ ಇಂಗ್ಲಿಷ್ ಟೀಚರು. ಆ ಕವಿ ಇವಳ ಸ್ವಂತ ಮಾವ ಅಂತ ಮೊನ್ನೆ ಗೊತ್ತಾಯ್ತು. ಅಂಥಾ ದುಃಖದಲ್ಲೂ ಈ ಹುಡುಗಿ ಒಂದು ಮಾತು ಆಡದೆ ಪ್ರಬಂಧ ಬರೆದಿದ್ದಾಳೆ. ನೀವು ಯಾರಾಗಬೇಕು?"

ಮಾವ ನನ್ನನ್ನು ನೋಡಿದ. ನಾನು ಎರಡೂ ಹೆಬ್ಬೆಟ್ಟು ಸೇರಿಸಿ ಕೈ ಮುಗಿದೆ.

"ನಾನು ಅವನ ತಮ್ಮ," ಅಂದ ಮಾವ.

ಮಿಸ್ಸು ಕೂತರು. ನಾನು ಕಾಫಿ ತಂದೆ. ಅಣ್ಣನ ಬಗ್ಗೆ ಸ್ವಲ್ಪ ಹೇಳಿ ಎಂದರು. ಹೇಳುವುದಕ್ಕೆ ಇದಕ್ಕಿಂತ ಪ್ರಿಯವಾದ ವಿಷಯ ಮಾವನಿಗೆ ಯಾರೂ ಯಾವತ್ತೂ ಕೊಟ್ಟಿರಲಿಲ್ಲ.

"ಅಣ್ಣ ಅಂದ್ರೆ ಏನು ಹೇಳಲಿ ಮೇಡಂ. ದೊಡ್ಡ ಮನುಷ್ಯ. ನೋಡೋಕೆ ನನ್ನ ಹಾಗೇ, ಇನ್ನೂ ಸ್ವಲ್ಪ ಲಕ್ಷಣ. ಈ ಕಟ್ಟಡಕ್ಕೆ ಜೀವ ಸವೆಸಿದ. ಒಬ್ಬರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ. ಮನೇಲೂ ಅಷ್ಟೇ. ಬೆಳಿಗ್ಗೆ ಹೊತ್ತು ಒಂದು ದಿನ ಅವನಿಗೆ ಬಾತ್‌ರೂಮು ಬಿಟ್ಟುಕೊಟ್ಟವರಿಲ್ಲ." ಹೇಳುತ್ತಾ ಹೇಳುತ್ತಾ ಅವನಿಗೆ ನಿಜವಾಗಿ ಕಣ್ಣೀರು ಬಂತು. ಮಿಸ್ಸಿಗೂ ಬಂತು. ನನಗೂ ಎರಡು ಹನಿ ಬಂತು.

ಇಲ್ಲಿಗೆ ಮುಗಿದಿದ್ದರೆ ಎಲ್ಲಾ ಚೆನ್ನಾಗಿತ್ತು. ಮಿಸ್ಸು ಕಾಫಿ ಕುಡಿದು ಲೋಟ ಕೆಳಗಿಟ್ಟು, ನನ್ನ ತಲೆ ಸವರಿ ಒಂದು ಮಾತು ಹೇಳಿದರು.

"ಕೀರ್ತಿ ಎಲ್ಲಾ ಇವಳಿಗೇ ಸಲ್ಲಬೇಕು. ಇವತ್ತು ಮೂಲ ಓದಿದೆ. ಪ್ರಾಮಾಣಿಕವಾಗಿ ಹೇಳ್ತೀನಿ, ಮೂಲದಲ್ಲಿ ಅಂಥದ್ದೇನಿಲ್ಲ. ಸೊಗಸೆಲ್ಲ ಇವಳ ಅನುವಾದದ್ದು. ನಿಮ್ಮಣ್ಣ ಪಾಪ, ಸಾಧಾರಣ ಬರಹಗಾರರು."

ಮಾವ ಸತ್ತಿರಲು ಒಪ್ಪಿದ್ದ. ಹದಿನೆಂಟು ಮಕ್ಕಳು ನಕ್ಕಾಗಲೂ ಸತ್ತೇ ಇದ್ದ. ಸಾಧಾರಣ ಎಂದಾಗ ಎದ್ದುಬಿಟ್ಟ.

"ಯಾರ್ರೀ ಸಾಧಾರಣ? ಇವಳಿಗೇನು ಬರುತ್ತೆ? ಬಸ್ ಸ್ಟಾಪಿನಲ್ಲಿ ನಿಂತು ಒತ್ತಿದ್ದಾಳೆ! 'ಕೆಳಗೆ ಬರುವವರು ಹೇಗೂ ಬರುತ್ತೀರಿ' ಅಂತ ಹೊಳೆಯೋಕೆ ನಾನು ಮುಕ್ಕಾಲು ಗಂಟೆ ಲಿಫ್ಟಿನ ಮುಂದೆ ನಿಂತಿದ್ದೆ! ಬರೆದವನು ನಾನು! ನಾನೇ!"

ಮಿಸ್ಸು ನಿಧಾನವಾಗಿ ಕನ್ನಡಕ ಸರಿಮಾಡಿಕೊಂಡರು.

"ಅಂದ್ರೆ ನೀವು ತೀರಿಕೊಂಡಿಲ್ಲ."

"ಇಲ್ಲ!"

"ಅಂದ್ರೆ ಫಾರಮ್ಮಿನಲ್ಲಿ ಹಾಕಿರೋ ವರ್ಷ ಸುಳ್ಳು. ಸುಳ್ಳು ಮಾಹಿತಿ ಕೊಟ್ಟರೆ ಪ್ರಬಂಧಕ್ಕೆ ಸೊನ್ನೆ. ನಿಯಮ ಹಾಗೇ ಇದೆ." ಅವರು ನನ್ನ ಕಡೆ ತಿರುಗಿದರು. ನಾನು ಫೋನನ್ನು ಎದೆಗೆ ಅಪ್ಪಿಕೊಂಡಿದ್ದೆ, ಮಗುವನ್ನು ಆಪರೇಷನ್ನಿಗೆ ಕೊಡುವವರ ಹಾಗೆ. "ಆದರೆ ಯಾರ ಮಾತು ನಂಬೋದು? ತಮ್ಮ ಅಂದ್ರಿ, ಈಗ ಕವಿ ಅಂತೀರಿ. ಕವಿಯಾದರೆ ನನ್ನ ಮುಂದೆ ಒಂದು ಬರೀರಿ. ಅದೇ ಲಿಫ್ಟಿನ ಬಗ್ಗೆ."

ಮಾವ ಒಳಗಿನಿಂದ ಒಂದು ಹೊಸ ಮುಚ್ಚಳ ತಂದ. ಗಂಡಸರ ಶೂನದು, ಒಂಬತ್ತನೇ ನಂಬರು, ಇಡೀ ಮಹಾಕಾವ್ಯ ಹಿಡಿಸುವಷ್ಟು ಜಾಗ. ಹೊಸ ಮಾರ್ಕರು. ತೋಳು ಮಡಚಿದ. ಕ್ಯಾಪು ತೆಗೆದ. ಕಣ್ಣು ಮುಚ್ಚಿದ. ತೆರೆದಾಗ ಎದುರಿಗೆ ನಾನು ಫೋನು ಅಪ್ಪಿಕೊಂಡು ನಿಂತಿದ್ದೆ. ಮಾವ ನನ್ನ ಮುಖ ನೋಡಿದ. ಫೋನು ನೋಡಿದ. ಮುಚ್ಚಳ ನೋಡಿದ. ಅವನ ಮೀಸೆ ಒಂದು ಸಲ ಅದುರಿತು.

ಆಮೇಲೆ ದುಂಡಗೆ, ಸ್ಪಷ್ಟವಾಗಿ ಬರೆದ:

ಲಿಫ್ಟ್ ಸರಿಯಾಗಿದೆ. ಎಲ್ಲರೂ ಉಪಯೋಗಿಸಬಹುದು.
ಇಂತಿ, ಕಾರ್ಯದರ್ಶಿ.

ಮಿಸ್ಸು ಅದನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು, ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದೂ ನೋಡಿದರು. ನಿಟ್ಟುಸಿರುಬಿಟ್ಟರು.

"ಇದರಲ್ಲಿ ಏನಿದೆ ಹೇಳಿ? ಓದಿದ ತಕ್ಷಣ ಅರ್ಥ ಆಗಿಬಿಡುತ್ತೆ." ಅವರ ದನಿ ಮೆತ್ತಗಾಯಿತು. "ನೀವು ತಮ್ಮನೇ. ಅನುಮಾನವೇ ಇಲ್ಲ. ಸಾಧಾರಣ ಅಂದಿದ್ದು ನನ್ನದು ತಪ್ಪು, ಇದನ್ನ ನೋಡಿದ ಮೇಲೆ ನಿಮ್ಮಣ್ಣ ಎಷ್ಟು ದೊಡ್ಡವರು ಅಂತ ಗೊತ್ತಾಯ್ತು. ಹೋದವರ ಮೇಲೆ ಪ್ರೀತಿ ಜಾಸ್ತಿಯಾದಾಗ ಒಮ್ಮೊಮ್ಮೆ ತಾನೇ ಅವರು ಅನ್ನಿಸಿಬಿಡುತ್ತೆ. ಸ್ವಲ್ಪ ರೆಸ್ಟ್ ತಗೊಳ್ಳಿ."

"ಹೂಂ ಮೇಡಂ," ಅಂದ ಮಾವ. ಅಷ್ಟು ಸಣ್ಣ ದನಿ ಅವನ ಗಂಟಲಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಮಾರ್ಕ್ಸು ಪರಿಶೀಲಿಸೋಕೆ ಇಲಾಖೆಯಿಂದ ಒಬ್ಬರು ನಾಳೆ ಬರ್ತಿದ್ದಾರೆ. ಮೂವತ್ತೆಂಟು ಅಂದ್ರೆ ಕೇಳೇ ಕೇಳ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಹೆಡ್‌ಮಾಸ್ಟರ ರೂಮಿಗೆ ಬನ್ನಿ. ಅಣ್ಣನ ಒಂದು ಫೋ‌ಟೋ ತನ್ನಿ. ಇವಳ ತಾಯಿಗೂ ಶಾಲೆಯಿಂದ ಮೆಸೇಜು ಹೋಗಿರುತ್ತೆ."

ಅವರು ಮೆಟ್ಟಿಲು ಇಳಿದು ಹೋದರು. ಸರಿಯಾಗಿರುವ ಲಿಫ್ಟಿನ ಸುದ್ದಿಯನ್ನು ಕೈಯಲ್ಲೇ ಹಿಡಿದು ಓದಿದ್ದರೂ ಇಳಿದೇ ಹೋದರು. ಸಾಧಾರಣ ಬರವಣಿಗೆಯನ್ನು ಅವರು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

"ಮಾವ, ಥ್ಯಾಂಕ್ಸ್," ಅಂದೆ. "ನಾಳೆಯಿಂದ ಬೆಳಿಗ್ಗೆ ಬಾತ್‌ರೂಮು ನಿಂದೇ."

ಮಾವ ಗೋಡೆಯ ಮೇಲಿದ್ದ ತನ್ನ ಫೋಟೋ ಇಳಿಸಿದ. ಮೀಸೆ ತಿರುವಿಕೊಂಡು ನಿಂತಿರುವ ಫೋಟೋ, ಅವನ ಹತ್ತಿರ ಇರುವುದು ಅದೊಂದೇ. ಕನ್ನಡಿಯ ಪಕ್ಕ ಹಿಡಿದು ಅಣ್ಣನನ್ನೂ ತಮ್ಮನನ್ನೂ ಹೋಲಿಸಿ ನೋಡಿದ. ತುಂಬಾ ಹೋಲುತ್ತಿದ್ದರು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಹನ್ನೆರಡು ವರ್ಷದ ಮೀಸೆಯಿಲ್ಲದೆ ಹೊರಗೆ ಬಂದ. ಮೂಗು ಮತ್ತು ಬಾಯಿಯ ನಡುವೆ ಅಷ್ಟೊಂದು ಜಾಗ ಇರುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೊರಗೆ ಟಿಂಗ್ ಎಂದಿತು. ಲಿಫ್ಟ್. ನಮ್ಮ ಕಟ್ಟಡದಲ್ಲಿ ಮಾವನ ನೋಟಿಸು ಓದದೇ ಇರುವವಳು ಒಬ್ಬಳೇ. ಅಮ್ಮ ಒಳಗೆ ಬಂದು, ಚೀಲ ಇಟ್ಟು, ಮಾವನ ಬೋಳು ಮುಖವನ್ನು ಒಂದು ನಿಮಿಷ ಪೂರ್ತಿ ಮೌನವಾಗಿ ನೋಡಿದಳು. ಆಮೇಲೆ ಮೆಸೇಜು ತೆರೆದು ಓದಿದಳು.

"'ನಿಮ್ಮ ದಿವಂಗತ ಸಹೋದರರ ಬಗ್ಗೆ ನಾಲ್ಕು ಮಾತು ಹೇಳಲು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬರಬೇಕು.' ನನಗೆ ಇರೋದು ಒಬ್ಬ ತಮ್ಮ. ಅವನು ಸತ್ತನಂತೆ. ಹಾಗಾದ್ರೆ ಇವತ್ತು ಬೆಳಿಗ್ಗೆ ನಾನು ಅಡುಗೆ ಮಾಡಿ ಹಾಕಿದ್ದು ಯಾರಿಗೋ? ನನ್ನ ಕೆಲಸದಲ್ಲಿ ಎಷ್ಟೋ ಜನ ಸತ್ತವರನ್ನ ನೋಡಿದೀನಿ. ಸತ್ತ ಮೇಲೆ ಎರಡನೇ ಸಲ ಬಡಿಸ್ಕೊಂಡವನು ಇವನೊಬ್ಬನೇ!"

"ಅಕ್ಕಾ, ಅದು..."

"ನೀನು ಸುಮ್ನಿರು. ನೀನು ಇಲ್ಲ. ಹೆಬ್ಬೆಟ್ಟು, ನೀನು ಹೇಳು."

ಹೇಳಿದೆ. ಬಸ್ ಸ್ಟಾಪು, ಕೆಂಪು ಖಾನೆ, ಮೌನ, ಶಾಂಪೂ, ಮುಚ್ಚಳ ಎಲ್ಲಾ. ಹೇಳಿ ಮುಗಿಸಿ, ನಾನಾಗಿಯೇ ಫೋನನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಕಣ್ಣು ಮುಚ್ಚಿಕೊಂಡೆ. "ನಲವತ್ತಕ್ಕೆ ಮೂವತ್ತೆಂಟು ಅಮ್ಮಾ," ಎಂದು ಕೊನೆಯ ಮಾತು ಸೇರಿಸಿದೆ.

ಅಮ್ಮ ಫೋನು ಮುಟ್ಟಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಚಪ್ಪಲಿ ಬಿಚ್ಚಿ, ಕಾಲು ಚಾಚಿದಳು. ಅವಳ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಪಕ್ಕ ಇನ್ನೇನೋ ಬಂದು ನಿಂತಿತ್ತು.

"ಮೆಸೇಜು ಬಂದಾಗ ನಮ್ಮ ಹೆಡ್ ನರ್ಸು ಪಕ್ಕದಲ್ಲೇ ಇದ್ರು, ಓದಿಬಿಟ್ರು. ಎರಡು ವರ್ಷದಿಂದ ಕೇಳ್ತಿದ್ದೆ, ಒಂದು ದಿನ ರಜ ಕೊಟ್ಟಿರಲಿಲ್ಲ. ಇವತ್ತು ಅವರೇ ಕಣ್ಣಲ್ಲಿ ನೀರು ಹಾಕ್ಕೊಂಡು ನಾಲ್ಕು ದಿನ ಕೊಟ್ರು." ಅವಳು ಮಾವನ ಕಡೆ ತಿರುಗಿದಳು. "ನಾನು ತಗೊಂಡೆ."

ಮಾವ ಮೀಸೆಯಿದ್ದ ಜಾಗ ಸವರಿಕೊಂಡ.

"ಇನ್ನು ಬದುಕೋ ಮಾತು ಎತ್ತಬೇಡ. ನಾಳೆ ಹತ್ತು ಗಂಟೆಗೆ ಮೂರೂ ಜನದ ಬಾಯಲ್ಲಿ ಒಂದೇ ಕಥೆ ಬರಬೇಕು," ಅಂದಳು ಅಮ್ಮ. "ಹೆಬ್ಬೆಟ್ಟು, ಫೋನು ತೆಗೆದು ಬರ್ಕೋ. ಏನಪ್ಪಾ ತಮ್ಮಾ, ಹೇಳು ಈಗ. ನಿಮ್ಮಣ್ಣ ಹೇಗೆ ಸತ್ತ?"